ನೀರು ಹಾಕದ ಬಾಮ್ ಜಿಡ್ಡು ಅನ್ನಿಸದಂತೆ ಮಾಡೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನ ಕೈಚರ್ಮ ತುಂಬಾ ಒಣಗಿ ಬಿರಿಯುತ್ತದೆ. ಅವರಿಗಾಗಿ ನೀರಿಲ್ಲದ ಬಾಮ್ ಮಾಡುತ್ತಿದ್ದೇನೆ. ತೂಕದ ಲೆಕ್ಕದಲ್ಲಿ 100 ಗ್ರಾಂಗೆ ಶಿಯಾ ಬಟರ್ (ಶಿಯಾ ಬೀಜದಿಂದ ತೆಗೆದ ಗಟ್ಟಿ ಕೊಬ್ಬು) 45, ಜೇನುಮೇಣ 15, ಬಾದಾಮಿ ಎಣ್ಣೆ 39, ವಿಟಮಿನ್ ಇ 1.

ಚರ್ಮ ಮೆತ್ತಗಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಧ ಗಂಟೆಯಾದರೂ ಕೈ ಜಿಡ್ಡುಜಿಡ್ಡು. ಏನು ಮುಟ್ಟಿದರೂ ಎಣ್ಣೆ ಕಲೆ. ಅಮ್ಮ ಬೇಸರಪಟ್ಟು ಒರೆಸಿಬಿಡುತ್ತಾರೆ, ಹಚ್ಚಿದ್ದೂ ದಂಡ.

ಎರಡನೇ ಸಲ ಬಾದಾಮಿ ಎಣ್ಣೆ ಅರ್ಧ ತೆಗೆದು ಸ್ಕ್ವಾಲೇನ್ ಎಂಬ ತೆಳು ಎಣ್ಣೆ ಹಾಕಿದೆ. ಹಗುರವಾಯಿತು, ನಿಜ. ಜೊತೆಗೆ ಜಿಡ್ಡು ಹೀರಲಿ ಅಂತ 8 ಗ್ರಾಂ ಮೆಕ್ಕೆಜೋಳದ ಪಿಷ್ಟ ಸೇರಿಸಿದ್ದೆ. ಬಿಸಿ ಇದ್ದಾಗಲೇ ಹಾಕಿದ್ದಕ್ಕೋ ಏನೋ, ಪುಡಿಯೆಲ್ಲ ತಳ ಸೇರಿತು. ಗ್ಲಿಸರಿನ್ ಕೂಡ ಹಾಕಿ ನೋಡಿದೆ. ಅದು ಎಣ್ಣೆಯಲ್ಲಿ ಕರಗೋದಿಲ್ಲ ಅಲ್ವಾ, ಬೇರೆಯಾಗಿ ನಿಂತಿತು. ಶಿಯಾ ಮರಳುಮರಳಾಗುತ್ತಿದ್ದದ್ದು ಮಾತ್ರ ಬೇಗ ತಣ್ಣಗೆ ಮಾಡಿದ ಮೇಲೆ ಸರಿಹೋಗಿದೆ.

ಪುಡಿಯನ್ನು ಮಿಶ್ರಣ ಎಷ್ಟು ಗಟ್ಟಿಯಾದಾಗ ಸೇರಿಸುತ್ತೀರಿ? ಪಿಷ್ಟದ ಬದಲು ಸಿಲಿಕಾ (ಜಿಡ್ಡು ಹೀರುವ ನುಣುಪಾದ ಖನಿಜ ಪುಡಿ) ಬಳಸಿದವರಿದ್ದರೆ, ಎಷ್ಟು ಪ್ರಮಾಣ? ಜಾಸ್ತಿಯಾದರೆ ಚರ್ಮ ಮತ್ತೆ ಒಣಗಿದಂತೆ ಅನ್ನಿಸುತ್ತದೆಯೇ? ಶಿಯಾ ಕಡಿಮೆ ಮಾಡಿ ಹೊಹೊಬಾ ಎಣ್ಣೆ ಹೆಚ್ಚಿಸುವ ಯೋಚನೆಯೂ ಇದೆ. ಆದರೆ ಬಿರಿದ ಚರ್ಮಕ್ಕೆ ಬೇಕಾದ ರಕ್ಷಣೆ ಕಡಿಮೆಯಾಗಬಾರದು. ಸ್ವತಃ ಮಾಡಿ ನೋಡಿದವರು ದಯವಿಟ್ಟು ಅಳತೆ ಸಮೇತ ತಿಳಿಸಿ.