ಲಕ್ಷಾಂತರ ಜನ ಬೀದಿಗಿಳಿದರೂ ಅಮೆರಿಕದ ಅಧ್ಯಕ್ಷರು ಜಗ್ಗುವುದಿಲ್ಲವೇಕೆ?

ಪ್ರಶ್ನೆ: ರಾಯಚೂರು ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಅಮೆರಿಕದ ಸಂವಿಧಾನದ ಪಾಠ ಮಾಡುವಾಗ, ಶಾಂತಿಯುತವಾಗಿ ಸಭೆ ಸೇರುವ ಮತ್ತು ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು 1791ರ ಮೊದಲ ತಿದ್ದುಪಡಿ ರಕ್ಷಿಸುತ್ತದೆ ಎಂದು ವಿವರಿಸಿ, ಅದಕ್ಕೆ ಉದಾಹರಣೆಯಾಗಿ ಟ್ರಂಪ್ ಆಡಳಿತದ ವಿರುದ್ಧ ನಡೆದ 2025ರ 'ನೋ ಕಿಂಗ್ಸ್' (ರಾಜರು ಬೇಡ) ಪ್ರತಿಭಟನೆಗಳನ್ನು ಹೇಳಿದೆ. ಜೂನ್ 14ರ ಪ್ರತಿಭಟನೆ ನಡೆದದ್ದು ವಾಷಿಂಗ್ಟನ್‌ನಲ್ಲಿ ಸೇನೆಯ 250ನೇ ವರ್ಷದ ಪಥಸಂಚಲನ ಏರ್ಪಾಡಾಗಿದ್ದ ದಿನ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ 79ನೇ ಹುಟ್ಟುಹಬ್ಬವೂ ಅಂದೇ ಇತ್ತು. ಅಕ್ಟೋಬರ್ 18ರ ಪ್ರತಿಭಟನೆ 2,600ಕ್ಕೂ ಹೆಚ್ಚು ಕಡೆ ನಡೆಯಿತು, ಸುಮಾರು 70 ಲಕ್ಷ ಜನ ಸೇರಿದ್ದರು ಎಂಬುದು ಸಂಘಟಕರ ಲೆಕ್ಕ. ಅಧ್ಯಕ್ಷರ ನೀತಿಗಳು ಮಾತ್ರ ಎಂದಿನಂತೆ ಮುಂದುವರಿದವು.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ನಮ್ಮೂರಾಗ ಏಮ್ಸ್ ಬೇಕಂತ ಸಾವಿರ ದಿನ ದಾಟಿ ಧರಣಿ ಕುಂತ್ರೂ ಏಮ್ಸ್ ಬರ್ಲಿಲ್ಲ. ಅಲ್ಲಿ ಎಪ್ಪತ್ತು ಲಕ್ಷ ಮಂದಿ ಬಂದ್ರೂ ಏನೂ ಆಗ್ಲಿಲ್ಲ. ಹಂಗಾದ್ರ ಮಂದಿ ಬೀದಿಗೆ ಬರೋದು ಯಾತಕ್ಕ್ರಿ?" ಎಂದು ಕೇಳಿದ. ತರಗತಿ ನಕ್ಕಿತು, ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ.

ಇಷ್ಟು ಜನ ನಿರ್ಭಯವಾಗಿ ಬೀದಿಗೆ ಬಂದು, ಘೋಷಣೆ ಕೂಗಿ, ಸಂಜೆ ಸುರಕ್ಷಿತವಾಗಿ ಮನೆಗೆ ಮರಳುವುದೇ ಪ್ರಜಾಪ್ರಭುತ್ವ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಚುನಾವಣೆ ಮುಗಿದು ಒಂದು ವರ್ಷವೂ ಆಗುವ ಮೊದಲೇ ಅಷ್ಟು ಜನ ಬೀದಿಗೆ ಬರಬೇಕಾಯಿತೆಂದರೆ ಉಳಿದ ಬಾಗಿಲುಗಳು ಮುಚ್ಚಿವೆ ಎಂದೇ ಅರ್ಥ ಎನ್ನುವವರೂ ಇದ್ದಾರೆ. ಇವೆರಡರಲ್ಲಿ ಯಾವುದನ್ನು ಒಪ್ಪಬೇಕು, ಯಾವ ಅಳತೆಯಿಂದ ಒಪ್ಪಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಮುಂದಿನ ವಾರದ ತರಗತಿಗೆ ಉಪಕಾರವಾಗುತ್ತದೆ.

ಉತ್ತರ: ಬಳ್ಳಾರಿ ವಕೀಲ

ಮೇಡಂ, ಆ ವಿದ್ಯಾರ್ಥಿಗೆ ಮೊದಲು ಬಳ್ಳಾರಿಯ ಕಥೆ ಹೇಳಿ. 2010ರ ಜುಲೈ ಕೊನೆಯಲ್ಲಿ ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಹೊರಟ ಪಾದಯಾತ್ರೆ ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್‌ನಲ್ಲಿ ನಮ್ಮೂರಿಗೆ ಬಂದಾಗ ಸೇರಿದ್ದ ಜನಸಾಗರವನ್ನು ಕಂಡವರು ಇಂದಿಗೂ ಅದನ್ನು ನೆನೆಯುತ್ತಾರೆ. ಆದರೆ ಮರುದಿನ ಅದಿರಿನ ಲಾರಿಗಳು ನಿಲ್ಲಲಿಲ್ಲ. ಅವು ನಿಂತದ್ದು ಹೆಚ್ಚು ಕಡಿಮೆ ಒಂದು ವರ್ಷದ ನಂತರ: 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾಯಿತು, 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಬೀದಿಯ ಕೂಗನ್ನು ಕಾಗದಕ್ಕಿಳಿಸಿ ಆದೇಶವಾಗಿಸುವ ಸಂಸ್ಥೆಯೊಂದು ಇತ್ತು, ಆದ್ದರಿಂದ ಕೂಗು ವ್ಯರ್ಥವಾಗಲಿಲ್ಲ. ಸಂಸ್ಥೆ ಇದ್ದರೂ ಬೀದಿಯಲ್ಲಿ ಕೂಗು ಇಲ್ಲದಿದ್ದರೆ ಆ ವರದಿ ಯಾವುದೋ ಕಪಾಟು ಸೇರುತ್ತಿತ್ತು ಎಂಬುದು ನನ್ನ ಅನುಮಾನ.

ಅಮೆರಿಕದಲ್ಲೂ ನಾವು ನೋಡಬೇಕಾದದ್ದು ಇದನ್ನೇ. ಟ್ರಂಪ್ ಅವರ ಮೊದಲ ಅವಧಿಯ ಆರಂಭದಲ್ಲಿ, 2017ರ ಜನವರಿ 27ರಂದು, ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಜೆಗಳ ಪ್ರವೇಶ ನಿರ್ಬಂಧಿಸುವ ಆದೇಶ ಹೊರಟಿತು. ಮರುದಿನ ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದ ಹೊರಗೆ ಸಾವಿರಾರು ಜನ ಸೇರಿದರು. ಒಳಗೆ ಆಗಮನ ದ್ವಾರದ ಬಳಿ ವಕೀಲರು ನೆಲದ ಮೇಲೆಯೇ ಕುಳಿತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದರು. ಒಳಗೆ ಸಿಕ್ಕಿಬಿದ್ದವರ ಬಂಧುಗಳು ಗುರುತಿಸಲೆಂದು ಕೈಬರಹದ ಫಲಕಗಳನ್ನು ಹಿಡಿದಿದ್ದರು. ಅಂದೇ ರಾತ್ರಿ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಧೀಶೆ ಆನ್ ಡಾನೆಲ್ಲಿ, ಬಂದಿಳಿದವರನ್ನು ವಾಪಸು ಕಳುಹಿಸದಂತೆ ತಡೆಯಾಜ್ಞೆ ಕೊಟ್ಟರು. ವಕೀಲಿಕೆ ಮಾಡುವ ನನಗೆ ಆ ದೃಶ್ಯ ಯಾವ ಮೆರವಣಿಗೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ: ಸರ್ಕಾರ ಆ ಆದೇಶವನ್ನು ಎರಡು ಬಾರಿ ತಿದ್ದಿ ಬರೆಯಿತು, ಮೂರನೆಯ ರೂಪವನ್ನು ಸುಪ್ರೀಂ ಕೋರ್ಟ್ 2018ರ ಜೂನ್‌ನಲ್ಲಿ 5-4ರಿಂದ ಎತ್ತಿಹಿಡಿಯಿತು.

ಅಧ್ಯಕ್ಷರು ಏಕೆ ಜಗ್ಗುವುದಿಲ್ಲ ಎಂಬುದಕ್ಕೆ ಸಂವಿಧಾನದಲ್ಲೇ ಉತ್ತರವಿದೆ. ಅಲ್ಲಿ ಅವಿಶ್ವಾಸ ನಿರ್ಣಯವಿಲ್ಲ. ನಾಲ್ಕು ವರ್ಷದ ಅವಧಿ ನಿಗದಿ. ಉಳಿದ ಮುಖ್ಯ ದಾರಿ ವಾಗ್ದಂಡನೆ, ಪದಚ್ಯುತಿಗೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್, 1999ರಲ್ಲಿ ಬಿಲ್ ಕ್ಲಿಂಟನ್, 2020 ಮತ್ತು 2021ರಲ್ಲಿ ಟ್ರಂಪ್ ಸೆನೆಟ್‌ನ ವಿಚಾರಣೆ ಎದುರಿಸಿದರು, ಒಬ್ಬರೂ ಪದಚ್ಯುತರಾಗಲಿಲ್ಲ. 2021ರ ಫೆಬ್ರುವರಿಯಲ್ಲಿ 57-43ರ ಬಹುಮತವಿದ್ದೂ ಹತ್ತು ಮತ ಸಾಲಲಿಲ್ಲ.

ಉತ್ತರ: ಗಂಗಾವತಿ ಅಕ್ಕಿ ವ್ಯಾಪಾರಿ

ವಕೀಲ ಸಾಹೇಬರ ಮಾತಿಗೆ ಗೌರವವಿದೆ, ಆದರೆ ಚರ್ಚೆ ಒಂದೇ ಕಡೆಗೆ ವಾಲುತ್ತಿದೆ. ಬೀದಿಗೆ ಬಂದವರೇ ಜನ, ಮನೆಯಲ್ಲಿ ಕುಳಿತವರು ಜನರಲ್ಲ ಎಂಬ ಲೆಕ್ಕ ಎಲ್ಲಿಯದು? 2024ರ ನವೆಂಬರ್‌ನಲ್ಲಿ ಟ್ರಂಪ್ ಅವರಿಗೆ 7.7 ಕೋಟಿಗೂ ಹೆಚ್ಚು ಮತ ಬಂದವು, ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ 538 ಎಲೆಕ್ಟರ್‌ಗಳಲ್ಲಿ 312 ಅವರ ಪಾಲಾದವು. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗಿಂತ ಸುಮಾರು 29 ಲಕ್ಷ ಕಡಿಮೆ ಮತ ಪಡೆದು ಗೆದ್ದಿದ್ದರು ಎಂಬ ಆಕ್ಷೇಪಕ್ಕೆ ಈ ಸಲ ಅವಕಾಶವಿರಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಶೇಕಡಾವಾರು ಬಂದದ್ದು ನಿಜ. ಹಾಗೆ ನೋಡಿದರೆ ನಮ್ಮಲ್ಲಿ ಶೇ 35 ಪಡೆದು ಶಾಸಕರಾದವರು ಎಷ್ಟಿಲ್ಲ?

ಇತಿಹಾಸವೂ ಜನಸಂದಣಿಯ ಪರವಾಗಿಯೇ ಸಾಕ್ಷಿ ಹೇಳುವುದಿಲ್ಲ. 1969ರ ಅಕ್ಟೋಬರ್ 15ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದಾದ್ಯಂತ ಲಕ್ಷಾಂತರ ಜನ ಸೇರಿದರು. ಮೂರು ವಾರ ಕಳೆಯುವಷ್ಟರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಟಿವಿಯಲ್ಲಿ ಕಾಣಿಸಿಕೊಂಡು 'ಮೌನಿ ಬಹುಸಂಖ್ಯಾತರು' ತಮ್ಮ ಜೊತೆ ನಿಲ್ಲಬೇಕೆಂದು ಕೋರಿದರು. 1972ರಲ್ಲಿ 50 ರಾಜ್ಯಗಳ ಪೈಕಿ 49ನ್ನು ಗೆದ್ದರು. 1974ರಲ್ಲಿ ಅವರು ಇಳಿದದ್ದು ಮೆರವಣಿಗೆಯಿಂದಲ್ಲ, ವಾಟರ್‌ಗೇಟ್ ಹಗರಣದ ಟೇಪುಗಳನ್ನು ಒಪ್ಪಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಮತ್ತು ಸ್ವಪಕ್ಷದ ಸೆನೆಟರ್‌ಗಳೇ ಕೈಬಿಟ್ಟದ್ದರಿಂದ.

ಇನ್ನೂ ಒಂದು ಮಾತು. 2021ರ ಜನವರಿ 6ರಂದು ಕ್ಯಾಪಿಟಲ್ (ಸಂಸತ್) ಕಟ್ಟಡಕ್ಕೆ ನುಗ್ಗಿದ ಟ್ರಂಪ್ ಬೆಂಬಲಿಗರೂ ತಾವೇ ಜನ ಎಂದುಕೊಂಡಿದ್ದರು. ಮತ ಎಣಿಕೆಯ ದೃಢೀಕರಣವನ್ನು ಗುಂಪು ನಿಲ್ಲಿಸಬಾರದು ಎಂಬ ತತ್ವವನ್ನು ಒಪ್ಪುವವರು, ಗೆದ್ದು ಬಂದ ಅಧ್ಯಕ್ಷರನ್ನು ಗುಂಪು ಕೆಳಗಿಳಿಸಲಿ ಎಂದು ಆಶಿಸುವುದು ಹೇಗೆ?

ಉತ್ತರ: ಕೊಪ್ಪಳದಿಂದ

ಗಂಗಾವತಿಯ ಅಣ್ಣಾವ್ರೇ, 'ನೋ ಕಿಂಗ್ಸ್'ನವರು ಯಾವ ಕಟ್ಟಡಕ್ಕೂ ನುಗ್ಗಲಿಲ್ಲ, ಮತ ಎಣಿಕೆ ನಿಲ್ಲಿಸಿ ಎನ್ನಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕ್ಯಾಪಿಟಲ್ ಪ್ರಕರಣದ ಸುಮಾರು 1,500 ಜನರಿಗೆ ಟ್ರಂಪ್ ಎರಡನೇ ಅವಧಿಯ ಮೊದಲ ದಿನವೇ ಕ್ಷಮಾದಾನ ಕೊಟ್ಟರು ಎಂಬುದನ್ನೂ ನೀವು ಬಿಟ್ಟಿರಿ.

ಅದಿರಲಿ. ಪ್ರತಿಭಟನೆ ಯಾರ ಮನೆಬಾಗಿಲಲ್ಲಿ ನಡೆಯುತ್ತದೆ ಎಂಬುದು ಮುಖ್ಯ. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯ ವಿರುದ್ಧ ಇಡೀ ಕೊಪ್ಪಳ ಬಂದ್ ಆಗಿ, ಗವಿಮಠದ ಸ್ವಾಮೀಜಿಯವರೇ ಜನರೊಂದಿಗೆ ಹೆಜ್ಜೆ ಹಾಕಿದಾಗ ಜಿಲ್ಲೆಯ ಎಲ್ಲ ಪಕ್ಷಗಳ ನಾಯಕರೂ ಓಗೊಡಲೇಬೇಕಾಯಿತು, ಏಕೆಂದರೆ ಅವರು ಮತ ಕೇಳಬೇಕಾದದ್ದು ಅದೇ ಬೀದಿಯಲ್ಲಿ. ಅಮೆರಿಕದಲ್ಲಿ ಇದಕ್ಕೆ ಸಮನಾದದ್ದು 2017ರಲ್ಲಿ ನಡೆಯಿತು. ಒಬಾಮ ಕಾಲದ ಆರೋಗ್ಯ ವಿಮಾ ಕಾಯ್ದೆಯನ್ನು ರದ್ದುಮಾಡಲು ಹೊರಟ ರಿಪಬ್ಲಿಕನ್ ಸಂಸದರು ತಮ್ಮ ತಮ್ಮ ಕ್ಷೇತ್ರಗಳಲ್ಲಿ ಕರೆದ ಸಭೆಗಳಿಗೆ ಅವರದೇ ಮತದಾರರು ಬಂದು, ಮಗುವಿನ ಚಿಕಿತ್ಸೆಗೆ, ಕ್ಯಾನ್ಸರ್ ಔಷಧಕ್ಕೆ ನಾಳೆ ಗತಿ ಏನು ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದರು. ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ ಮಸೂದೆ 49-51ರಿಂದ ಬಿತ್ತು. ಜಾನ್ ಮೆಕೇನ್, ಸುಸಾನ್ ಕಾಲಿನ್ಸ್, ಲಿಸಾ ಮುರ್ಕೌಸ್ಕಿ ಎಂಬ ಮೂವರು ರಿಪಬ್ಲಿಕನ್ನರೇ ಅದನ್ನು ಬೀಳಿಸಿದವರು. ಜನ ಸೇರಿದರೂ ಏನೂ ಆಗುವುದಿಲ್ಲ ಎನ್ನುವ ಆ ಹುಡುಗನಿಗೆ ಇದನ್ನು ಹೇಳಬಹುದು.

ಉತ್ತರ: ಸಿಂಧನೂರು ರೈತ

ಕೊಪ್ಪಳದವರು ಸರಿಯಾದ ಎಳೆ ಹಿಡಿದಿದ್ದಾರೆ, ಅದನ್ನು ಸ್ವಲ್ಪ ಮುಂದಕ್ಕೆ ಎಳೆಯುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತ ಜಲಾಶಯ ತುಂಬಿದೆಯೇ ಎಂದು ಕೇಳಿ ಸುಮ್ಮನಾಗುವುದಿಲ್ಲ, ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂದು ಕೇಳುತ್ತಾನೆ. ಅಮೆರಿಕದ ರಾಜಕೀಯದ ಮೈಲ್ 69 ಇರುವುದು ಸೆನೆಟ್‌ನಲ್ಲಿ ಮತ್ತು ಕ್ಷೇತ್ರಗಳ ಗಡಿಯಲ್ಲಿ. ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಕ್ಕೂ ಆರು ಲಕ್ಷಕ್ಕಿಂತ ಕಡಿಮೆ ಜನರ ವಯೋಮಿಂಗ್‌ಗೂ ಇಬ್ಬಿಬ್ಬರೇ ಸೆನೆಟರ್‌ಗಳು. ಲಾಸ್ ಏಂಜಲೀಸ್‌ನಲ್ಲಿ ಇನ್ನೂ ಹತ್ತು ಲಕ್ಷ ಜನ ಸೇರಿದರೂ ಸೆನೆಟ್‌ನ ಒಂದು ಕುರ್ಚಿಯೂ ಅಲುಗಾಡದು, ಅಲ್ಲಿಯ ಎರಡೂ ಕುರ್ಚಿಗಳು ಈಗಾಗಲೇ ಡೆಮಾಕ್ರಟರ ಬಳಿಯೇ ಇವೆ.

ಪ್ರತಿನಿಧಿ ಸಭೆಯ ಕಥೆ ಇನ್ನೂ ಕೆಟ್ಟದ್ದು. ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣೆಗೆ ಪ್ರತ್ಯೇಕ ಆಯೋಗವಿದೆ, ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಶಾಸನಸಭೆಯೇ ಗಡಿ ಎಳೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಮಾಡುವ ಈ ಕೆಲಸವನ್ನು ಟ್ರಂಪ್ ಅವರ ಒತ್ತಾಸೆಯ ಮೇರೆಗೆ ಟೆಕ್ಸಾಸ್ 2025ರಲ್ಲಿ ನಡುವೆಯೇ ಕೈಗೆತ್ತಿಕೊಂಡು, ರಿಪಬ್ಲಿಕನ್ನರಿಗೆ ಐದು ಹೆಚ್ಚುವರಿ ಸ್ಥಾನ ಸಿಗುವಂತೆ ನಕ್ಷೆ ಬರೆಯಿತು. ಕೋರಂ ತಪ್ಪಿಸಲು ಅಲ್ಲಿಯ ಡೆಮಾಕ್ರಟ್ ಶಾಸಕರು ರಾಜ್ಯ ಬಿಟ್ಟೇ ಹೋದರು; ರೆಸಾರ್ಟ್ ರಾಜಕೀಯ ಕಂಡಿರುವ ನಮಗೆ ಇದನ್ನು ವಿವರಿಸಬೇಕಿಲ್ಲ. ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯದ ಮತದಾರರು ನವೆಂಬರ್ 4ರಂದು ತಮ್ಮ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಟ್ಟು ಡೆಮಾಕ್ರಟರಿಗೆ ಅನುಕೂಲವಾದ ನಕ್ಷೆಯನ್ನು ಒಪ್ಪಿದರು. ಒಬ್ಬರ ತಪ್ಪಿಗೆ ಇನ್ನೊಬ್ಬರ ತಪ್ಪು ಉತ್ತರವಾಯಿತು. ಪ್ರಜಾಪ್ರಭುತ್ವಕ್ಕೆ ಕಾಯಿಲೆ ಇದೆಯೆಂದರೆ ಅದು ಇಲ್ಲಿದೆ, ಬೀದಿಯಲ್ಲಲ್ಲ.

ಗಂಗಾವತಿಯವರಿಗೆ ಅವರ ಕಡೆಯದೇ ಉದಾಹರಣೆ ಕೊಡುತ್ತೇನೆ. 2009ರಲ್ಲಿ ಒಬಾಮ ವಿರುದ್ಧ ಬೀದಿಗಿಳಿದ 'ಟೀ ಪಾರ್ಟಿ'ಯವರು ಫಲಕ ಹಿಡಿದು ಮನೆಗೆ ಹೋಗಲಿಲ್ಲ. ಅಭ್ಯರ್ಥಿಯನ್ನು ಆರಿಸುವ ಸ್ವಪಕ್ಷದ ಪ್ರಾಥಮಿಕ ಚುನಾವಣೆಗಳಿಗೆ ನುಗ್ಗಿ, ತಮಗೆ ಬೇಕಾದವರನ್ನು ನಿಲ್ಲಿಸಿದರು. 2010ರಲ್ಲಿ ರಿಪಬ್ಲಿಕನ್ನರು ಪ್ರತಿನಿಧಿ ಸಭೆಯಲ್ಲಿ 63 ಸ್ಥಾನ ಹೆಚ್ಚಿಸಿಕೊಂಡರು. 2017ರ ಜನವರಿ 21ರ ಮಹಿಳಾ ಜಾಥಾದ ನಂತರವೂ ಅದೇ ಆಯಿತು, 2018ರಲ್ಲಿ ಡೆಮಾಕ್ರಟರಿಗೆ 40 ಸ್ಥಾನ ಹೆಚ್ಚಿದವು. ಜನ ಸೇರಿದ ದಿನವಲ್ಲ, ಸುಮಾರು ಇಪ್ಪತ್ತು ತಿಂಗಳ ನಂತರ ಲೆಕ್ಕ ನೋಡಬೇಕು.

ಪ್ರತಿಕ್ರಿಯೆ: ರಾಯಚೂರು ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದ. ಸಿಂಧನೂರಿನವರ ಗೇಜ್ ನನ್ನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ, ಅರ್ಧ ತರಗತಿ ಮಾನ್ವಿ, ಸಿರವಾರ ಕಡೆಯದೇ. ಒಂದು ಸಂದೇಹ ಉಳಿದಿದೆ. ಇಪ್ಪತ್ತು ತಿಂಗಳ ನಂತರ ಲೆಕ್ಕ ನೋಡಬೇಕಾದರೆ ಅಲ್ಲಿಯವರೆಗೆ ಜನ ಬೀದಿಗೆ ಬರಲು ಹೆದರಬಾರದಲ್ಲವೇ? 2025ರ ಜೂನ್‌ನಲ್ಲಿ ರಾಜ್ಯಪಾಲರ ವಿರೋಧವನ್ನು ಲೆಕ್ಕಿಸದೆ ಟ್ರಂಪ್, ಪ್ರತಿಭಟನೆ ನಡೆಯುತ್ತಿದ್ದ ಲಾಸ್ ಏಂಜಲೀಸ್‌ಗೆ ಸುಮಾರು 4,000 ನ್ಯಾಷನಲ್ ಗಾರ್ಡ್ (ರಾಜ್ಯಗಳ ಮೀಸಲು ಸೇನಾಪಡೆ) ಸಿಬ್ಬಂದಿ ಮತ್ತು 700 ಮರೀನ್ ಯೋಧರನ್ನು ಕಳುಹಿಸಿದರು. ನಮ್ಮಲ್ಲಿ ರಾಜ್ಯಪಾಲರೆಂದರೆ ಕೇಂದ್ರದ ಪ್ರತಿನಿಧಿ, ಅಲ್ಲಿ ಜನರೇ ಆರಿಸಿದ ಮುಖ್ಯಸ್ಥರು. ಅಂಥವರ ಮಾತನ್ನು ಮೀರಿ ಸೈನಿಕರು ಬಂದದ್ದನ್ನು ಹೇಗೆ ನೋಡಬೇಕು?

ಉತ್ತರ: ಬಳ್ಳಾರಿ ವಕೀಲ

ಮೇಡಂ, ನನ್ನ ಮಟ್ಟಿಗೆ ಆತಂಕದ ವಿಷಯ ಇದೇ. ದೇಶದೊಳಗೆ ಪೊಲೀಸ್ ಕೆಲಸಕ್ಕೆ ಸೈನ್ಯವನ್ನು ಬಳಸಬಾರದೆಂದು 1878ರ ಕಾಯ್ದೆಯೊಂದು ಹೇಳುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಸರ್ಕಾರ ಈ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದು ಫೆಡರಲ್ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ 2025ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತರು. ಡಿಸೆಂಬರ್‌ನಲ್ಲಿ, ಶಿಕಾಗೊ ಭಾಗದಲ್ಲಿ ಗಾರ್ಡ್ ನಿಯೋಜಿಸಲು ಅಡ್ಡಿಯಾಗಿದ್ದ ಕೆಳ ನ್ಯಾಯಾಲಯದ ತಡೆಯನ್ನು ತೆರವುಗೊಳಿಸಿ ಎಂದು ಸರ್ಕಾರ ಕೇಳಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಪೀಠದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ಟ್ರಂಪ್ ಅವರೇ ನೇಮಿಸಿದವರು.

ಅದೇ ನ್ಯಾಯಾಲಯ 2024ರ ಜುಲೈ 1ರಂದು, ಅಧ್ಯಕ್ಷರು ತಮ್ಮ ಮೂಲ ಸಾಂವಿಧಾನಿಕ ಅಧಿಕಾರ ಚಲಾಯಿಸಿ ಮಾಡಿದ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ಪೂರ್ಣ ರಕ್ಷಣೆ ಇದೆ ಎಂದು ಹೇಳಿತ್ತು. ತರಗತಿಯಲ್ಲಿ ಈ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು, ಬೀದಿಯಲ್ಲಿ ನಿಂತಿರುವ ಒಬ್ಬ ಸಾಮಾನ್ಯ ಪ್ರತಿಭಟನಕಾರನಿಗೆ ಇವುಗಳಿಂದ ಎಷ್ಟು ರಕ್ಷಣೆ ಸಿಕ್ಕಿತು, ಎಷ್ಟು ಹೋಯಿತು ಎಂದು ಆ ಹಿಂದಿನ ಬೆಂಚಿನವನಿಗೇ ಬರೆಯಲು ಹೇಳಿ. ಅವನು ಬರೆದದ್ದನ್ನು ಇಲ್ಲಿ ಹಾಕಿದರೆ ನಾನೂ ಓದುತ್ತೇನೆ, ಗಂಗಾವತಿಯವರು ಹೇಗೂ ತಕರಾರು ತೆಗೆಯುತ್ತಾರೆ.