ಕಲಬುರಗಿ ಬ್ಯಾಸಗಿಗೆ ಜಪಾನಿ ಗೋ ಹಲಗಿ ತಡೀತದೇನ್ರಿ?

ಪರ್ಸಿಕಲ್ಲು (ಕಲಬುರಗಿ):
ಎಲ್ಲರಿಗೂ ನಮಸ್ಕಾರ ರೀ. ಗೋ ಅಂದ್ರ ಗೆರೆ ಎಳದ ಹಲಗಿ ಮ್ಯಾಲೆ ಕರಿ-ಬಿಳಿ ಕಾಯಿ ಇಟ್ಟು ಇಬ್ಬರು ಆಡೋ ಆಟ. ಅದರ ಜಪಾನಿನ ಹಳೇ ಸೆಟ್ ಒಂದು ಮಾರಾಟಕ್ಕ ಬಂದದ, ನಾನು ಕೊಳ್ಬೇಕಂತೀನಿ. ನಾಕು ಕಾಲಿನ ನೆಲದ ಹಲಗಿ, ಕಯಾ ಅನ್ನೋ ಜಪಾನಿ ಮರದ ಒಂದೇ ತುಂಡು, ದಪ್ಪ 15 ಸೆಂ.ಮೀ. ಬಿಳಿ ಕಾಯಿ ಚಿಪ್ಪಿನವು, ಕರಿ ಕಾಯಿ ಕಲ್ಲಿನವು, ಜೋಡಿಗೆ ಎರಡು ಕಟಗಿ ಡಬ್ಬಿ. ಫೋಟೋದಾಗ ಹಲಗಿ ಅಂಚಿಗೆ ಕೂದಲೆಳೆ ಬಿರುಕು ಕಾಣ್ತದ. ಏಪ್ರಿಲ್-ಮೇದಾಗ ಇಲ್ಲಿ 42-43 ಡಿಗ್ರಿ ಸಾಮಾನ್ಯ, ಮನ್ಯಾಗ ಕೂಲರ್ ಬ್ಯಾರೆ ನಡೀತದ. ಬಿರುಕು ಮುಂದ ಹೋಗ್ತದೇನು? ಚಿಪ್ಪು ಖರೇನೋ ಗಾಜೋ ಅಂತ ಹ್ಯಾಂಗ ತಿಳೀಬೇಕು? ತಿಳಿದವರು ಹೇಳ್ರಿ.

ಸುರಪುರ ಬಡಿಗ (ಯಾದಗಿರಿ):
ಶಾಖಕ್ಕೆ ಹೆದರಬ್ಯಾಡ್ರಿ, ಹಲಗಿ ಸೀಳೋದು ಒಣ-ಹಸಿ ಏರಿಳಿತಕ್ಕ. ಬ್ಯಾಸಗಿ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ 20ರ ಆಸುಪಾಸಿಗೆ ಇಳೀತದ, ಸಂಜೀಕ ಕೂಲರ್ ಹಚ್ಚಿದ್ರ ಅದೇ ಕೋಣ್ಯಾಗ 60 ದಾಟ್ತದ. 15 ಸೆಂ.ಮೀ. ದಪ್ಪದ ತುಂಡಿನಾಗ ಮ್ಯಾಲಿನ ಪದರ ಲಗೂ ಒಣಗಿ ಕುಗ್ಗತದ, ಒಳಗಿನ ತಿರುಳು ಇನ್ನೂ ಉಬ್ಬೇ ಇರ್ತದ. ಆ ಎಳೆದಾಟದಾಗ ಮ್ಯಾಲಿನ ಪದರ ಸೋತು ಬಾಯಿ ಬಿಡ್ತದ. ತೆಳು ಹಲಗಿಗೆ ಈ ಕಾಟ ಕಡಿಮಿ, ಒಳಗ-ಹೊರಗ ಬೇಗ ಸಮ ಆಗ್ತದ.

ಅದಕ್ಕೇ ಜಪಾನಿನಾಗ ದಪ್ಪ ಕಯಾ ತುಂಡನ್ನ ಕೊಯ್ದ ಮ್ಯಾಲೆ ತುದಿಗೆ ಮೇಣ ಬಳಿದು ವರ್ಷಗಟ್ಟಲೆ ನೆರಳಾಗ ಇಡ್ತಾರ, ಹತ್ತು ವರ್ಷ ಇಡೋದೂ ಉಂಟು. ಎಳೆ ಕತ್ತರಿಸಿದ ತುದಿಯಿಂದ ನೀರು ಭಾಳ ಜೋರು ಹೊರಗ ಹೋಗ್ತದ, ಮೊದಲ ಬಿರುಕು ಬರೋದೂ ಅಲ್ಲೇ. ಹಲಗಿ ತಳದ ನಡುವ ಪಿರಮಿಡ್ ತಿರುವಿದಂಥ ಕುಳಿ ಇರ್ತದ, ಹೊಕ್ಕುಳ ಅಂತಾರ. ಕಾಯಿ ಇಟ್ಟಾಗ ನಾದ ಬರ್ಲಿಕ್ಕೂ, ಕಟಗಿ ಸೀಳದಂಗಿರ್ಲಿಕ್ಕೂ ಅಂತ ಹೇಳ್ತಾರ. ನೀವು ಕೊಳ್ಳೋ ಹಲಗಿ ಬುಡ ಮ್ಯಾಲ ಮಾಡಿ ಫೋಟೋ ಕೇಳ್ರಿ.

ಈಗ ನಿಮ್ಮ ಬಿರುಕು. ತುದಿ ಕಡೀ ಮುಖದಾಗ ಎರಡು-ಮೂರು ಸೆಂ.ಮೀ. ಉದ್ದ ಇದ್ದು ಆಟದ ಮುಖಕ್ಕ ಬಂದಿಲ್ಲಂದ್ರ ಅದು ಹಳೇ ಗಾಯ, ಚಿಂತಿ ಇಲ್ಲ. ಮ್ಯಾಲಿನ ಗೆರೆಗಳ ನಡುವ ಹಾದಿದ್ರ ಬಿಟ್ಟುಬಿಡ್ರಿ, ಇಲ್ಲಿಗೆ ಬಂದ ಮೊದಲ ಬ್ಯಾಸಗ್ಯಾಗೇ ಅಗಲ ಆಗ್ತದ. ಬಿರುಕಿನಾಗ ಅಂಟು ತುಂಬಸ್ಲಿಕ್ಕೆ ಹೋಗಬ್ಯಾಡ್ರಿ. ಮಳಿಗಾಲದಾಗ ಕಟಗಿ ಉಬ್ಬಿದಾಗ ತುಂಬಿದ ಜಾಗ ಬೆಣೆ ಹೊಡದಂಗ ಆಗಿ ಪಕ್ಕಕ್ಕ ಹೊಸಾದು ಸೀಳ್ತದ.

ಕಯಾ ಹೌದೋ ಅಲ್ಲೋ ಅನ್ನೋದಕ್ಕ ಬಣ್ಣ ಹಳದಿಯಿಂದ ಜೇನಿನ ಕಡೆ ತಿರುಗಿರ್ತದ, ಹಳೇ ತುಂಡಿಗೂ ಹಗುರ ಸಿಹಿ ವಾಸನಿ ಇರ್ತದ. ‘ಶಿನ್-ಕಯಾ’ ಅಂತ ಬರೆದಿದ್ರ ಅದು ಕಯಾ ಅಲ್ಲ, ಹೆಚ್ಚಾಗಿ ಸ್ಪ್ರೂಸ್. ಆಟಕ್ಕ ಅಡ್ಡಿ ಇಲ್ಲ, ಆದ್ರ ಕಯಾದ ರೊಕ್ಕ ಕೊಡಬ್ಯಾಡ್ರಿ. ತುದಿ ನೋಡಿದ್ರ ಉಂಗುರದ ಗೆರೆ ನೆಟ್ಟಗ ನಿಂತಿರೋ ಕೊಯ್ತ ಉತ್ತಮ, ಡೊಂಕಾಗೋದು ಕಡಿಮಿ. ಕಾಲು ಗಾರ್ಡೇನಿಯಾ ಕಾಯಿ ಆಕಾರದವು, ತೂತಿಗೆ ಬಿಗಿಯಾಗಿ ಕೂಡ್ತಾವ. ಎತ್ತುವಾಗ ಹಲಗಿಗೇ ಕೈ ಹಾಕ್ರಿ, ಕಾಲು ಹಿಡಿದ್ರ ಕಿತ್ತು ಬರ್ತಾವ. ಹಲಗಿ ತೂಕ 15 ಕಿಲೋ ಆಸುಪಾಸು ಅದ.

ಬಿಳಿಕಾಯಿ (ಕಲಬುರಗಿ):
ಕಾಯಿಗಳ ಬಗ್ಗೆ ನಾನು ಹೇಳುತ್ತೇನೆ. ಒಂದು ಬಿಳಿ ಕಾಯಿಯನ್ನು ಮೊಬೈಲ್ ಟಾರ್ಚಿಗೆ ಅಡ್ಡ ಹಿಡಿಯಲು ಹೇಳಿ. ಚಿಪ್ಪಾದರೆ ಅದು ಬೆಳೆದ ಗೆರೆಗಳು ಸಾಲಾಗಿ ಕಾಣುತ್ತವೆ, ಎರಡು ಮುಖಗಳು ಒಂದೇ ಥರ ಇರುವುದಿಲ್ಲ, ಎರಡು ಕಾಯಿಗಳ ಗೆರೆಯೂ ಒಂದೇ ಥರ ಇರುವುದಿಲ್ಲ. ಗಾಜಿಗೆ ಗೆರೆಯೇ ಇಲ್ಲ. ಹತ್ತು ಕಾಯಿಗಳಲ್ಲೂ ಅಚ್ಚು ಹೊಡೆದಂತೆ ಅದೇ ಗೆರೆ ಕಂಡರೆ ಅದು ಪ್ಲಾಸ್ಟಿಕ್ ನಕಲು. ಗೆರೆ ಸಣ್ಣದಾಗಿ, ನೇರವಾಗಿ, ಒತ್ತೊತ್ತಾಗಿ ಇದ್ದರೆ ‘ಯುಕಿ’, ಅಂದರೆ ಹಿಮ ದರ್ಜೆ. ಅದರ ಕೆಳಗೆ ‘ತ್ಸುಕಿ’ ಮತ್ತು ಸಾದಾ ದರ್ಜೆಗಳಿವೆ.

ಡಬ್ಬದ ಮೇಲೆ ‘ಹ್ಯೂಗಾ’ ಅಂತ ಬರೆದಿದ್ದರೆ ಮರುಳಾಗಬೇಡಿ. ಮಿಯಾಝಾಕಿ ಪ್ರಾಂತ್ಯದ ಹ್ಯೂಗಾ ಊರಿನಲ್ಲಿ ಕಾಯಿ ತಯಾರಾಗುತ್ತವೆ, ಆದರೆ ಅಲ್ಲಿನ ಕಡಲತೀರದ ಚಿಪ್ಪು ಬಹುತೇಕ ಮುಗಿದಿದೆ, ಈಗ ಹೆಚ್ಚಿನವು ಮೆಕ್ಸಿಕೋದಿಂದ ತರಿಸಿದ ಚಿಪ್ಪಿನಲ್ಲಿ ಆಗುತ್ತವೆ. ಆಟಕ್ಕೆ ಅವು ಏನೂ ಕಡಿಮೆಯಲ್ಲ. ಕರಿ ಕಾಯಿ ಮಿಯೆ ಪ್ರಾಂತ್ಯದ ಕುಮಾನೊ ಕಡೆಯ ನಾಚಿಗುರೋ ಕಲ್ಲು.

ವರ್ನಿಯರ್ ಇದ್ದರೆ ಅಳತೆ ಕೇಳಿ. ಬಿಳಿ 21.9 ಮಿ.ಮೀ., ಕರಿ 22.2 ಮಿ.ಮೀ. ಕರಿ ಬಣ್ಣ ಕಣ್ಣಿಗೆ ಚಿಕ್ಕದಾಗಿ ಕಾಣುವುದರಿಂದ ಬೇಕಂತಲೇ ಒಂದಿಷ್ಟು ದೊಡ್ಡದು ಮಾಡುತ್ತಾರೆ. ಎರಡೂ ಅಚ್ಚುಕಟ್ಟಾಗಿ ಒಂದೇ ಅಳತೆ ಬಂದರೆ ಸೆಟ್ ಬೆರಕೆಯೋ ಅಗ್ಗದ್ದೋ ಅಂತ ಅನುಮಾನಿಸಿ. ದಪ್ಪಕ್ಕೆ ನಂಬರ್ ಇದೆ, 33ನೇ ನಂಬರ್ ಅಂದರೆ 9.2 ಮಿ.ಮೀ. ಹತ್ತಿರ, 36 ಅಂದರೆ 10.1. ದಪ್ಪ ಕಾಯಿಗೆ ದಪ್ಪ ಚಿಪ್ಪೇ ಬೇಕಾದ್ದರಿಂದ ನಂಬರ್ ಏರಿದಂತೆ ಬೆಲೆ ನಾಗಾಲೋಟದಲ್ಲಿ ಏರುತ್ತದೆ. ಪೂರ್ಣ ಸೆಟ್ ಅಂದರೆ ಕರಿ 181, ಬಿಳಿ 180. ನಾಲ್ಕೈದು ಕಡಿಮೆ ಇದ್ದರೆ ಆಟ ನಿಲ್ಲುವುದಿಲ್ಲ, ಆದರೆ ಅದೇ ದಪ್ಪ, ಅದೇ ದರ್ಜೆಯ ಕಾಯಿ ಆಮೇಲೆ ಸಿಗುವುದು ಕಷ್ಟ, ಬೆಲೆ ಇಳಿಸಿ ಕೇಳಿ.

ತೊಳೆಯುವುದರಲ್ಲಿ ಒಂದು ಎಚ್ಚರ. ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಚ್ಚುವ ಅಭ್ಯಾಸ. ಚಿಪ್ಪು ಸುಣ್ಣದ ಪದಾರ್ಥ, ಹುಳಿ ಅಥವಾ ನಿಂಬೆ ತಾಗಿದರೆ ಮೇಲ್ಮೈ ಕರಗಿ ಹೊಳಪು ಹೋಗಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸಾದಾ ಸೋಪು, ಹತ್ತಿ ಬಟ್ಟೆ, ನೆರಳಲ್ಲಿ ಆರಿಸುವುದು, ಅಷ್ಟೇ ಸಾಕು. ಕರಿ ಕಾಯಿ ಬೂದು ತಿರುಗಿದ್ದರೆ ಬಟ್ಟೆಗೆ ಎರಡು ಹನಿ ಬೇಬಿ ಆಯಿಲ್ ಹಾಕಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಅಡುಗೆಮನೆಯ ಕುಸುಬಿ ಎಣ್ಣೆ, ಅಗಸೆ ಎಣ್ಣೆ ಬೇಡವೇ ಬೇಡ. ಎರಡೂ ಗಾಳಿಗೆ ಗಟ್ಟಿಯಾಗಿ ಅಂಟುವ ಜಾತಿ, ವಾರದಲ್ಲೇ ಕಾಯಿ ಬೆರಳಿಗೆ ಹತ್ತುತ್ತದೆ.

ಕೋಟಿಮಣ್ಣು (ಬೀದರ್):
ಡಬ್ಬಿ ಸೀಳಿದ್ರ ಬಿದರಿ ಕೆಲಸದ ಬಟ್ಟಲ ಮಾಡಸ್ರಿ ಅಂತ ಯಾರರ ಹೇಳೇ ಹೇಳ್ತಾರ, ನಾನೇ ಮೊದ್ಲ ಬ್ಯಾಡ ಅಂತ ಹೇಳ್ತೀನಿ! ಬಿದರಿ ಒಡಲು ಜಿಂಕ್ ಜೋಡಿ ಸಲ್ಪ ತಾಮ್ರ, ಗಟ್ಟಿ ಲೋಹ. ಕೈ ಹಾಕಿ ಕಾಯಿ ಕೆದಕಿದಾಗೊಮ್ಮೆ ಚಿಪ್ಪಿನ ಅಂಚು ಅದಕ್ಕ ಬಡದು ಚಕ್ಕೆ ಏಳ್ತದ. ಶೋಕೇಸಿನಾಗ ಇಡ್ಲಿಕ್ಕ ಬಿದರಿ, ಆಟಕ್ಕ ಕಟಗಿ. ಜಪಾನಿನಾಗ ಹಿಪ್ಪುನೇರಳೆ, ಚೆರ್ರಿ, ಚೆಸ್ಟ್‌ನಟ್ ಬಳಸ್ತಾರ, ಮಿಕುರಾ ದ್ವೀಪದ ಹಿಪ್ಪುನೇರಳೆಗೆ ಭಾಳ ಬೇಡಿಕಿ.

ಇಲ್ಲಿ ಲೇಥ್‌ನವರ ಕಡೆ ಸೀಸಂ ಕಟಗ್ಯಾಗ ಮಾಡಸ್ಬೋದು. 9 ಮಿ.ಮೀ. ದಪ್ಪದ 181 ಕಾಯಿ ಸಡಲ ಸುರದ್ರ ಸುಮಾರು ಅರ್ಧ ಲೀಟರ್ ಜಾಗ ಹಿಡೀತಾವ. ಒಳಗ 12 ಸೆಂ.ಮೀ. ಅಗಲ, 8 ಸೆಂ.ಮೀ. ಆಳ ಇಟ್ರ ಕೈ ಆಡ್ಲಿಕ್ಕೂ ಜಾಗ ಉಳೀತದ. ತಳ ದುಂಡಗಿರ್ಲಿ, ಮೂಲಿ ಇದ್ರ ಕೊನೀ ಕಾಯಿ ಬೆರಳಿಗೆ ಸಿಗಂಗಿಲ್ಲ. ಹಸಿ ಕಟಗಿ ಕಡದ್ರ ಡಬ್ಬಿ ಮೊಟ್ಟಿ ಆಕಾರಕ್ಕ ತಿರುಗಿ ಮುಚ್ಚಳ ಕಚ್ಕೋತದ. ಅದಕ್ಕ ಮೊದ್ಲು ದಪ್ಪಗ ಕಡದು, ಒಂದೆರಡು ತಿಂಗಳು ಒಣಗಿಸಿ, ಆಮ್ಯಾಲ ಅಳತೀಗೆ ತರಸ್ರಿ. ಮುಚ್ಚಳ ಒಳಮೈ ತಗ್ಗಿರಬೇಕು, ಸೆರಿ ಹಿಡದ ಕಾಯಿ ಅದರಾಗೇ ಇಡೋದು.

ಪರ್ಸಿಕಲ್ಲು (ಕಲಬುರಗಿ):
ಭಾಳ ಉಪಕಾರ ಆತ್ರಿ. ಹೊಸ ಫೋಟೋ ಬಂತು, ಬಿರುಕು ಮ್ಯಾಲಿನ ಮುಖಕ್ಕ ಐದು ಗೆರೆ ದಾಟಿ ಬಂದದ. ಕಾಯಿ, ಡಬ್ಬಿ ಅಷ್ಟೇ ಬಿಡಿಸಿ ಕೇಳ್ತೀನಿ. ಹಲಗಿ ಇಲ್ಲೇ ಮಾಡಸ್ಬೇಕಂದ್ರ ಅಳತಿ ಏನು? ಸಾಗವಾನಿ ನಡೀತದಾ?

ಸುರಪುರ ಬಡಿಗ (ಯಾದಗಿರಿ):
ಛಲೋ ಮಾಡಿದ್ರಿ. ಸಾಗವಾನಿ ನಡೀತದ, ಆದ್ರ ಬಣ್ಣ ಕಂದು, ಗೆರೆ ಎದ್ದು ಕಾಣಂಗಿಲ್ಲ, ಎಣ್ಣಿ ಅಂಶ ಇರೋದ್ರಿಂದ ಅಂಟು ಹಿಡಿಯೋ ಮೊದ್ಲು ಒರೆಸಬೇಕು. ಶಿವನಿ ಸಿಕ್ರ ಅದನ್ನೇ ಹಿಡೀರಿ. ತೆಳು ಹಳದಿ, ಹಗುರ, ಬಾಗೋದು ಕಡಿಮಿ.

ಹಲಗಿ 454 × 424 ಮಿ.ಮೀ., ದಪ್ಪ 30. ಒಂದೇ ಅಗಲ ಹಲಗಿ ಬ್ಯಾಡ, 72ರಿಂದ 75 ಮಿ.ಮೀ. ಅಗಲದ ಆರು ಪಟ್ಟಿ ಜೋಡಸ್ರಿ, ಉಂಗುರದ ಗೆರೆ ತುದ್ಯಾಗ ನೆಟ್ಟಗಿರೋ ಪಟ್ಟಿ ಆರಸ್ರಿ. ಪಟ್ಟಿ ಕೊಯ್ದ ದಿನವೇ ಅಂಟಸಬ್ಯಾಡ್ರಿ, ಆಟ ಆಡೋ ಕೋಣ್ಯಾಗೇ ಮೂರು ವಾರ ನಡುವ ಗಾಳಿ ಆಡಂಗ ಅಟ್ಟಿ ಹಾಕಿ ಇಡ್ರಿ. ಕೆಳಗ ಅಡ್ಡಪಟ್ಟಿ ಮೊಳಿ ಹೊಡದು ಬಿಗಿಯೋದು ನಮ್ಮ ಕಡೀ ರೂಢಿ, ಅದನ್ನ ಮಾಡಿದ್ರ ಹಲಗಿ ಕುಗ್ಗಲಿಕ್ಕೆ ಜಾಗ ಸಿಗದ ನಡುವ ಸೀಳ್ತದ.

ಮನಿ ಚೌಕ ಅಲ್ಲ, ನೆನಪಿಡ್ರಿ. ಅಗಲಕ್ಕ 22 ಮಿ.ಮೀ., ಆಟಗಾರನಿಂದ ಆಚಿ ಹೋಗೋ ಉದ್ದಕ್ಕ 23.7. ಕುಂತು ಓರೆಯಾಗಿ ನೋಡಿದಾಗ ಉದ್ದ ಮೊಟಕಾಗಿ ಕಾಣ್ತದ, ಅದನ್ನ ಸರಿ ಮಾಡ್ಲಿಕ್ಕ ಇದು. 18 ಮನಿಗೆ 396 × 426.6 ಆಗ್ತದ, ಸುತ್ತ ಹೆಚ್ಚುಕಡಿಮಿ 14 ಮಿ.ಮೀ. ಅಂಚು ಉಳೀತದ. ಅಳೆಯುವಾಗ ಒಂದರಿಂದ ಇನ್ನೊಂದಕ್ಕ ಸರಿಸ್ತಾ ಹೋಗಬ್ಯಾಡ್ರಿ, ಅರ್ಧ ಮಿ.ಮೀ. ತಪ್ಪು 18 ಸಲ ಕೂಡಿ 9 ಆಗ್ತದ. ಪ್ರತಿ ಗೆರೆನೂ ಒಂದೇ ಅಂಚಿಂದ ಅಳೀರಿ. ಚುಕ್ಕಿ ಒಂಬತ್ತು, 4 ಮಿ.ಮೀ., ಪ್ರತಿ ಅಂಚಿಂದ ನಾಕನೇ ಗೆರೆ ಮತ್ತ ನಡುವಿನ ಗೆರೆ ಕೂಡೋ ಕಡೆ.

ಜಪಾನಿನ ಕುಶಲಿಗರು ಕತ್ತಿ ಅಲಗಿಗೆ ಉರುಶಿ ಅನ್ನೋ ಮರದ ಹಾಲಿನ ಅರಗು ಹಚ್ಚಿ ಒತ್ತಿ ಗೆರೆ ಮೂಡಸ್ತಾರ, ಉಗುರು ಆಡಿಸಿದ್ರ ಗೆರೆ ಎದ್ದು ಸಿಗ್ತದ. ನಮಗ ರೂಲಿಂಗ್ ಪೆನ್ನು, ನೀರಿಗೆ ಅಳಿಯದ ಕರಿ ಶಾಯಿ ಸಾಕು. ಆದ್ರ ಬರೀ ಕಟಗಿ ಮ್ಯಾಲೆ ಎಳದ್ರ ಅಡ್ಡ ಗೆರೆಗಳಿಗೆ ಎರಡೂ ಬದಿ ಸಣ್ಣ ರೆಕ್ಕಿ ಮೂಡ್ತಾವ, ಶಾಯಿ ಎಳೆ ಹಿಡಿದು ಓಡ್ತದ. ಮೊದ್ಲು ತೆಳು ಪಾಲಿಷ್ ಒಂದು ಕೈ ಹೊಡದು, ನುಣ್ಣಗ ಉಜ್ಜಿ, ಆಮ್ಯಾಲ ಎಳೀರಿ. ಗೆರೆ 1 ಮಿ.ಮೀ. ಒಳಗ ಇರ್ಲಿ. ಮ್ಯಾಲೆ ಹೊಳೆಯೋ ಪಿಯು (ಪಾಲಿಯುರೆಥೇನ್) ಕೋಟ್ ಹೊಡಿಬ್ಯಾಡ್ರಿ, ಟ್ಯೂಬ್‌ಲೈಟ್ ಕಣ್ಣಿಗೆ ಕುಕ್ತದ, ಕಾಯಿ ಜಾರ್ತಾವ, ಸದ್ದು ಫಾರ್ಮಿಕಾ ಬಡದಂಗ ಬರ್ತದ. ಜೇನುಮೇಣ ತೆಳ್ಳಗ ಹಚ್ಚಿ ಒಣ ಅರಿವಿಯಿಂದ ತಿಕ್ಕಿ ತೆಗದ್ರ ಮುಗೀತು. ಕೂಲರ್ ಗಾಳಿ ನೇರ ಬಡಿಯೋ ಕಡೆ ಮಾತ್ರ ಇಡಬ್ಯಾಡ್ರಿ.