ಸಮಸ್ಯಾಪೂರಣ: ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

ಪೃಚ್ಛಕ:
ಕೊಟ್ಟ ಸಾಲಿಗೆ ಹೊಂದುವಂತೆ ಪದ್ಯದ ಉಳಿದ ಸಾಲುಗಳನ್ನು ಕಟ್ಟುವುದು ಸಮಸ್ಯಾಪೂರಣ. ನಾನು ಕೊಡುವ ಈ ವಾರದ ಸಮಸ್ಯೆ, ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು.

ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

ಗಣವಿಭಾಗ ಹೀಗೆ: ಉಪ್ಪು | ಸಿಹಿಯಾಯ್ | ತಂದು | ನಾಡಿನ | ನಾಲ | ಗೆಯ ಮೇ | ಲೆ. ಅಂದರೆ ಮಾತ್ರೆಗಳ ಲೆಕ್ಕದಲ್ಲಿ (ಹ್ರಸ್ವವಾದ ಲಘುವಿಗೆ ಒಂದು, ದೀರ್ಘ ಅಥವಾ ಒತ್ತಿನ ಹಿಂದಿನ ಅಕ್ಷರವಾದ ಗುರುವಿಗೆ ಎರಡು) 3+4+3+4+3+4, ಕೊನೆಗೆ ಗುರು ಎಂದೇ ಎಣಿಸುವ ಒಂದು ಅಕ್ಷರ. ಮೂರನೆಯ ಸಾಲಿಗೂ ಇದೇ ಅಳತೆ. 1, 2, 4, 5ನೆಯ ಸಾಲುಗಳು 3+4+3+4. ಪ್ರತಿ ಸಾಲಿನ ಎರಡನೆಯದಾದ ಪ್ರಾಸಾಕ್ಷರ ಒತ್ತಿನ ‘ಪ್ಪ’ (ಇಂಥ ಸಜಾತೀಯ ಒತ್ತಿನ ಪ್ರಾಸವೇ ಹಯಪ್ರಾಸ); ಅದರ ಹಿಂದಿನ ಸ್ವರ ಹ್ರಸ್ವವೇ ಆಗಿರಬೇಕು.

ವಸ್ತು 1930ರ ಉಪ್ಪಿನ ಸತ್ಯಾಗ್ರಹ. ಪವಾಡದಿಂದಲೋ ಸಕ್ಕರೆ ಬೆರೆಸಿಯೋ ಉಪ್ಪನ್ನು ಸಿಹಿ ಮಾಡಿದರೆ ಪೂರಣವಾಗದು. ಉಪ್ಪು ಉಪ್ಪಾಗಿಯೇ ಉಳಿದು ಸಿಹಿಯಾಗಬೇಕು. ‘ಅಂದು’ ಎಂದರೆ ಯಾವತ್ತು ಎಂಬುದನ್ನು ಮೊದಲ ಐದು ಸಾಲು ತೋರಿಸಿಕೊಡಬೇಕು. ಕೀಲಕ, ಅಂದರೆ ಸಮಸ್ಯೆಯ ವಿರೋಧವನ್ನು ಬಿಡಿಸುವ ಕೀಲಿ, ಇರುವುದು ಅಲ್ಲೇ ಎಂದು ನನ್ನೆಣಿಕೆ.

ಸಾಲಿನ ಕೊನೆಯಲ್ಲಿ ನಿಲುಗಡೆ ಇಟ್ಟು ಸಂಧಿ ಬಿಡಬಹುದು, ಏಕೆಂದರೆ ಸಮಸ್ಯೆಯ ಸಾಲೇ ಸ್ವರದಿಂದ ಶುರುವಾಗಿದೆ. ಸಾಲಿನ ಒಳಗೆ ಬಿಟ್ಟರೆ ವಿಸಂಧಿ ಎಂಬ ದೋಷವೆಂದೇ ಎಣಿಸುತ್ತೇವೆ.

ಷಟ್ಪದಿಪ್ರಿಯ:
ಮುಪ್ಪಿನಾತನು ಕೋಲನೂರುತ
ಎಪ್ಪತೆಂಟಾಳುಗಳ ಜೊತೆಯಲಿ
ಹೆಪ್ಪುಗಟ್ಟಿದ ಬಿಳಿಯ ಹರಳನು ಹಿಡಿಯೊಳೆತ್ತಿದನು
ಕಪ್ಪವನು ಕೊಡದೊಂದು ಚಿಟಿಕೆಯ
ಒಪ್ಪಿ ಮಂದಿಯು ಬಾಯ್ಗೆ ಹಾಕಲು
ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

ಮಾತ್ರಾಗಣಿತ:
ಓಟ ಚೆನ್ನಾಗಿದೆ. ‘ಕಪ್ಪವನು ಕೊಡದೊಂದು ಚಿಟಿಕೆ’ ಎಂಬಲ್ಲಿ ಕೀಲಕ ಸಿಕ್ಕಿದೆ. ಆದರೆ ಎರಡನೆಯ ಸಾಲು ನಿಲ್ಲುವುದಿಲ್ಲ. ಪದ ‘ಎಪ್ಪತ್ತೆಂಟು’. ಒತ್ತು ಉಳಿಸಿಕೊಂಡರೆ ‘ಎಪ್ಪತ್’ ನಾಲ್ಕು ಮಾತ್ರೆಯಾಗಿ ಮೊದಲ ಗಣವೇ ಒಡೆಯುತ್ತದೆ. ಒತ್ತು ಬಿಟ್ಟರೆ ಲೆಕ್ಕ ಸರಿಹೋಗಿ ಪದ ಕೆಡುತ್ತದೆ. ಎಪ್ಪತ್ತೆಂಟು, ಇಪ್ಪತ್ತು ಯಾವುದನ್ನೂ ಭಾಮಿನಿಯ ಸಾಲಿನ ತಲೆಯಲ್ಲಿ ಕೂರಿಸಲಾಗದು.

ಅದಕ್ಕಿಂತ ದೊಡ್ಡ ತೊಡಕು ‘ಆಳುಗಳ’. ಕ್ರಿಯಾಪದವಾದಾಗ ‘ಆಳು’ ಎಂದರೆ ಒಡೆತನ ನಡೆಸು, ನಾಮಪದವಾದಾಗ ಊಳಿಗದವನು. ಒಡೆತನವನ್ನು ಎದುರಿಸಲು ಹೊರಟವರನ್ನು ಆಳುಗಳು ಎಂದರೆ ಪದ್ಯವೇ ತನ್ನ ಮಾತನ್ನು ಹಿಂತೆಗೆದುಕೊಂಡಂತೆ. ಅವರು ಸಬರಮತಿಯಿಂದ ಮಾರ್ಚ್ 12ರಂದು ಹೊರಟು, ಸುಮಾರು 385 ಕಿಲೋಮೀಟರನ್ನು 24 ದಿನಗಳಲ್ಲಿ ನಡೆದ ಸಂಗಡಿಗರು.

ಕಡಲತಡಿ:
ಮೂರನೆಯ ಸಾಲಿನ ‘ಬಿಳಿಯ ಹರಳು’ ಕೂಡ ಸರಿಯಿಲ್ಲ. ತಂಡ ದಂಡಿ ತಲುಪಿದ್ದು ಏಪ್ರಿಲ್ 5ರಂದು, ಕಾನೂನು ಮುರಿದದ್ದು ಮರುದಿನ ಬೆಳಗ್ಗೆ. ಅಷ್ಟರೊಳಗೆ ದಡದಲ್ಲಿ ತಾನಾಗಿ ಕಟ್ಟಿದ್ದ ಉಪ್ಪನ್ನು ಪೊಲೀಸರು ಕೆಸರಿನೊಂದಿಗೆ ಕಲಸಿಹಾಕಿದ್ದರು. ಗಾಂಧೀಜಿಯ ಕೈಗೆ ಬಂದದ್ದು ಮಣ್ಣು ಮೆತ್ತಿದ ಉಪ್ಪು. ಬೆಳ್ಳಗೆ ಹೊಳೆಯುವ ಹರಳನ್ನು ಸಿಹಿ ಎನ್ನುವುದು ಸುಲಭ. ಮಣ್ಣುಪ್ಪನ್ನು ಸಿಹಿ ಎನಿಸಿದರೆ ಸಮಸ್ಯೆ ಬಗೆಹರಿದಂತೆ.

ಷಟ್ಪದಿಪ್ರಿಯ:
ಇಬ್ಬರ ಮಾತೂ ಸರಿ. ಎರಡು, ಮೂರನೆಯ ಸಾಲು ಸವರಿಸಿದ್ದೇನೆ.

ಮುಪ್ಪಿನಾತನು ಕೋಲನೂರುತ
ತಪ್ಪನೆಸಗುವೆನೆಂದು ಸಾರುತ
ಹೆಪ್ಪುಗಟ್ಟಿದ ಕೆಸರಿನುಪ್ಪನು ಹಿಡಿಯೊಳೆತ್ತಿದನು

ಮಾತ್ರಾಗಣಿತ:
‘ತಪ್ಪನೆಸಗುವೆನೆಂದು ಸಾರುತ’ ಬಹಳ ಹಿಡಿಸಿತು. ಮಾರ್ಚ್ 2ರಂದೇ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದು, ಕಾನೂನು ಮುರಿಯುತ್ತೇನೆ ಎಂದು ಮುಂಚಿತವಾಗಿ ತಿಳಿಸಿದ್ದು ಈ ಸಾಲಿನಲ್ಲಿದೆ. ಕದ್ದು ಉಪ್ಪು ಮಾಡಿದರೆ ಅದು ಕಳ್ಳಸಾಗಣೆ, ಅಧಿಕಾರಕ್ಕೆ ಅದರಿಂದ ಭಂಗವಿಲ್ಲ. ಸಾರಿ ಹೇಳಿ ಮಾಡಿದಾಗಲೇ ‘ನಿನ್ನ ಅಪ್ಪಣೆಗೆ ಬೆಲೆಯಿಲ್ಲ’ ಎಂದಂತಾಗುವುದು.

ಕಡಲತಡಿ:
ನನ್ನದು ಅಂಕೋಲೆಯ ಮೇಲೆ. ಕರ್ನಾಟಕದಲ್ಲಿ ಉಪ್ಪಿನ ಕಾನೂನು ಮುರಿದದ್ದು 1930ರ ಏಪ್ರಿಲ್ 13ರಂದು ಅಲ್ಲಿ, ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ.

ಸಪ್ಪೆ ಗಂಜಿಯನುಂಬ ಬಡವರು
ಕೊಪ್ಪರಿಗೆಯಲಿ ಕಡಲ ಸುರಿಯುತ
ಕಪ್ಪು ಹೊಗೆಯಲಿ ಕಣ್ಣನೊರಸುತ ಕಾಸಿ ಬತ್ತಿಸಲು
ದಪ್ಪ ಹರಳಂಕೋಲೆ ಬೀದಿಗೆ
ಅಪ್ಪಣೆಯ ಕೇಳದೆಯೆ ಬಂದಿತು
ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

ಪೃಚ್ಛಕ:
‘ಕಡಲ ಸುರಿಯುತ’ ಸೊಗಸು! ಛಂದಸ್ಸಿನಲ್ಲಿ ಎಲ್ಲೂ ಎಡವಿಲ್ಲ. ಆದರೆ ಉಪ್ಪು ಮಾಡುವ ಬಗೆಯಲ್ಲಿ ಎರಡು ತಪ್ಪಿವೆ.

ಮೊದಲನೆಯದು ‘ಬತ್ತಿಸಲು’. 100 ಲೀಟರ್ ಕಡಲನೀರಿನಲ್ಲಿ ಎಲ್ಲ ಲವಣ ಸೇರಿ ಸುಮಾರು 3.5 ಕಿಲೋ. ಅದರಲ್ಲಿ ಅಡುಗೆಯ ಉಪ್ಪು ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ನೀರು ಕುದಿದು ಗಟ್ಟಿಯಾಗುತ್ತ ಬಂದಂತೆ ಮೊದಲು ಸುಣ್ಣದ ಅಂಶ ತಳ ಸೇರುತ್ತದೆ, ಆಮೇಲೆ ಉಪ್ಪು ಕಟ್ಟುತ್ತದೆ, ಮೆಗ್ನೀಸಿಯಂ ಲವಣಗಳು ಕೊನೆಯ ನೀರಿನಲ್ಲೇ ಉಳಿಯುತ್ತವೆ. ಪಾತ್ರೆ ಪೂರ್ತಿ ಒಣಗುವವರೆಗೆ ಬತ್ತಿಸಿದರೆ ಅವೂ ಸೇರಿ ಉಪ್ಪು ಕಹಿಯಾಗುತ್ತದೆ. ಉಪ್ಪು ಕಟ್ಟಿದ ಕೂಡಲೇ ಅನ್ನದ ಗಂಜಿ ಬಸಿದಂತೆ ಆ ಕೊನೆಯ ನೀರನ್ನು ಬಸಿದುಬಿಡಬೇಕು.

ಎರಡನೆಯದು ‘ದಪ್ಪ ಹರಳು’. ಅದು ಸಾಣಿಕಟ್ಟಾದಂಥ ಉಪ್ಪಿನ ಗದ್ದೆಗಳಲ್ಲಿ (ಆಗರಗಳಲ್ಲಿ), ಬಿಸಿಲಿಗೆ ನಿಧಾನವಾಗಿ ಕಟ್ಟುವ ಉಪ್ಪು. ಒಲೆಯ ಮೇಲೆ ಭರದಿಂದ ಕುದಿಸಿದರೆ ಸಿಗುವುದು ಸಣ್ಣ ಹರಳು, ಹೆಚ್ಚುಕಡಿಮೆ ಪುಡಿ.

ಕಡಲತಡಿ:
‘ಕಾಸಿ ಬತ್ತಿಸಲು’ ಇದ್ದಲ್ಲಿ ‘ಕಾಸಿ ಬಸಿದಿರಲು’ ಎಂದರೆ ಕಹಿ ಹೋಯಿತು, ಮಾತ್ರೆ ಕೆಡುವುದಿಲ್ಲ. ನಾಲ್ಕನೆಯ ಸಾಲಿಗೆ:

ಗುಪ್ಪೆಯಂಕೋಲೆಯಲಿ ಬೀದಿಗೆ

ಗುಪ್ಪೆ | ಯಂಕೋ | ಲೆಯಲಿ | ಬೀದಿಗೆ. ಪುಡಿಯುಪ್ಪಾದರೆ ಗುಪ್ಪೆಯಾಗಿಯೇ ಬರಬೇಕಲ್ಲ.

ಎಳೆಗಬ್ಬಿಗ:
ಮೊದಲ ಸಾಲಿನಲ್ಲೇ ನಿಂತಿದ್ದೇನೆ, ತಿದ್ದಿ ಕೊಡಿ: ‘ಕಪ್ಪ ನೀಗಿತು ಭಾರತದಲಿ’. ಒಂದು ಮಾತ್ರೆ ಕಡಿಮೆ ಬರುತ್ತಿದೆ. ‘ಭಾರತದಲ್ಲಿ’ ಎಂದರೆ ಸರಿಯಾಗುತ್ತದೆಯೇ? ಇನ್ನು ‘ಸತ್ಯಾಗ್ರಹ’, ‘ಸ್ವಾತಂತ್ರ್ಯ’ ಎಲ್ಲಿಟ್ಟರೂ ಲಯ ಕುಂಟುತ್ತಿದೆ.

ಮಾತ್ರಾಗಣಿತ:
ಎಣಿಕೆ ಸರಿಯಾಗುತ್ತದೆ, ಲಯ ಸರಿಯಾಗುವುದಿಲ್ಲ. ಕಪ್ಪ | ನೀಗಿತು | ಭಾರ | ತದಲ್ಲಿ. ಕೊನೆಯ ಗಣ ಲಘು, ಗುರು, ಲಘು, ಅದು ಜಗಣ. ನಾಲ್ಕು ಮಾತ್ರೆಯ ಗಣದಲ್ಲಿ ಜಗಣ ಬಂದರೆ ಪೆಟ್ಟು ನಡುವಿನ ಅಕ್ಷರಕ್ಕೆ ಬಿದ್ದು ಓಟ ಮುಗ್ಗರಿಸುತ್ತದೆ. ಮೂರು ಮಾತ್ರೆಯ ಗಣದಲ್ಲೂ ಲಘುವಿನ ಮೇಲೆ ಗುರು ಬೇಡ. ಬೆರಳೆಣಿಕೆ ಮುಗಿದ ಮೇಲೆ ಬಾಯಿಬಿಟ್ಟು ಓದಿ ನೋಡಿ, ಕಿವಿಗೆ ತಾನೇ ತಿಳಿಯುತ್ತದೆ.

‘ಸತ್ಯಾಗ್ರಹ’ ಆರು ಮಾತ್ರೆ. ‘ಸತ್ಯಾ’ ನಾಲ್ಕು, ‘ಗ್ರಹ’ ಎರಡು. ಹಾಗಾಗಿ ನಾಲ್ಕರ ಗಣದಿಂದ ಶುರುವಾಗಬೇಕು, ‘ಗ್ರಹದ’ ಎಂದು ಮುಂದಿನ ಮೂರರ ಗಣ ತುಂಬಿಕೊಳ್ಳುತ್ತದೆ. ಸಾಲಿನ ತಲೆಯಲ್ಲಿ ಕೂರದು. ‘ಸ್ವಾತಂತ್ರ್ಯ’ ಐದು ಮಾತ್ರೆ. ಅದರ ಮೊದಲಿನ ಒತ್ತಕ್ಷರ ಹಿಂದಿನ ಪದದ ಕೊನೆಯ ಲಘುವನ್ನೂ ಗುರುವಾಗಿಸಬಲ್ಲದು. ಹೊಸಬರ ಲೆಕ್ಕ ತಪ್ಪುವುದು ಬಹುಪಾಲು ಇಲ್ಲೇ. ನಮ್ಮ ‘ಬಿಡುಗಡೆ’ ನಾಲ್ಕೂ ಲಘು. ನಾಲ್ಕರ ಗಣ ಎಲ್ಲಿ ಬಂದರೂ ಹಾಯಾಗಿ ಕೂರುತ್ತದೆ, ಅದನ್ನೇ ಬಳಸಿ.

ಕಡಲತಡಿ:
ಎಳೆಗಬ್ಬಿಗರೇ, ಛಂದಸ್ಸಿಗಿಂತ ಮೊದಲು ಸಂಗತಿ ನೋಡಿ. ಆಗ ಕಪ್ಪ ನೀಗಲಿಲ್ಲ. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಸಿಕ್ಕಿದ್ದು, ಉಪ್ಪು ಸಿಗುವ ಊರುಗಳವರು ತಮ್ಮ ಬಳಕೆಗೆ ಮಾಡಿಕೊಳ್ಳಬಹುದು ಎಂಬ ಸಡಿಲಿಕೆ ಮಾತ್ರ. ಕರ ರದ್ದಾದದ್ದು 1947ರಲ್ಲಿ. ‘ಕಪ್ಪ ಹೋಯಿತು, ಆದ್ದರಿಂದ ಸಿಹಿ’ ಎಂದರೆ ‘ಅಂದು’ ಎಂಬ ಪದವೇ ಸುಳ್ಳಾಗುತ್ತದೆ. ಕಪ್ಪ ಇದ್ದಾಗಲೇ ಸಿಹಿಯಾದದ್ದು ಹೇಗೆ ಎಂದು ಹುಡುಕಿ.

ಎಳೆಗಬ್ಬಿಗ:
ಹಾಗಾದರೆ ಇದು:

ಕಪ್ಪ ನೀಗಲು ವರುಷ ಹದಿನೇಳ್
ಇಪ್ಪುದಾದರು ಭಯವು ನೀಗಿತು
ತಪ್ಪು ನಿನ್ನದೆನುತ್ತ ದೊರೆಯಿದಿರಲ್ಲಿ ನಿಂತಿರಲು
ಚಪ್ಪರಿಸಿದಾ ಚಿಟಿಕೆಯೊಳಗಿನ
ಕಪ್ಪು ಮಣ್ಣೂ ಸಕ್ಕರೆಯೆನಲು
ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

ಪೃಚ್ಛಕ:
ತುಂಬ ಚೆನ್ನಾಗಿದೆ! ‘ಕಪ್ಪ ನೀಗಲು’, ‘ಭಯವು ನೀಗಿತು’ ಎಂದು ಒಂದೇ ಧಾತುವನ್ನು ಎರಡು ಕಡೆ ದುಡಿಸಿದ್ದೀರಿ. 1930ಕ್ಕೂ 1947ಕ್ಕೂ ನಡುವಿನ ಆ 17 ವರ್ಷವೇ ಕೀಲಕವಾಯಿತು. ಸಕ್ಕರೆ ಬೇಡ ಎಂದಿದ್ದೆ; ಇಲ್ಲಿ ಸಕ್ಕರೆಯಾದದ್ದು ಮಣ್ಣು, ಉಪ್ಪು ಉಪ್ಪಾಗಿಯೇ ಇದೆ, ಆದ್ದರಿಂದ ಒಪ್ಪಿದೆ. ‘ಆದರೂ’ ಎಂಬುದು ‘ಆದರು’ ಆಗಿರುವುದು ನಡುಗನ್ನಡದ ಜಾಯಮಾನಕ್ಕೆ ಸಲ್ಲುತ್ತದೆ.

ಮಾತ್ರಾಗಣಿತ:
ಅದೇ ಎಳೆ ಹಿಡಿದು ನನ್ನ ಪೂರಣ:

ಕಪ್ಪ ಕಿರಿದೈ ದಣಿಯು ಕರುಣಿಯು
ತಪ್ಪದೇನೆಂದೆನ್ನಬೇಡೈ
ಅಪ್ಪಣೆಯ ಮೇಲುಣುವ ತುತ್ತಿಗೆ ನಾಳೆಯಿಲ್ಲವಲಾ
ಒಪ್ಪೆನೆಂಬಾ ಮಾತು ಮೊದಲಿಗೆ
ಹೆಪ್ಪು ಹಾಕಿತು ಕಡಲ ನೀರಿಗೆ
ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

ಕಡಲತಡಿ:
ಇದುವರೆಗಿನವುಗಳಲ್ಲಿ ನನಗೆ ಇದೇ ಮೇಲು. ಹಾಲಿನ ಕೊಡಕ್ಕೆ ಒಂದು ಚಮಚ ಹೆಪ್ಪು ಸಾಕು ಎಂಬುದನ್ನು ಕಡಲಿಗೆ ತಂದಿರಿ. ‘ಒಪ್ಪೆನೆಂಬಾ’ ಎಂಬಲ್ಲಿ ದೀರ್ಘ ಮಾತ್ರೆ ತುಂಬಲು ಎಳೆದದ್ದೇ?

ಮಾತ್ರಾಗಣಿತ:
ಅಲ್ಲ, ‘ಎಂಬ + ಆ’. ಆ ಮಾತು, ಅದೇ ಮಾತು ಎಂಬ ಒತ್ತು ಬೇಕಿತ್ತು.

ಎಳೆಗಬ್ಬಿಗ:
ಮೂರನೆಯ ಸಾಲು ಪೂರ್ತಿ ತಿಳಿಯಲಿಲ್ಲ. ಕಪ್ಪ ನಿಜವಾಗಿಯೂ ಕಿರಿದಾಗಿದ್ದರೆ, ದಣಿ ನಿಜವಾಗಿಯೂ ಒಳ್ಳೆಯವನಾಗಿದ್ದರೆ ತೊಂದರೆ ಏನು?

ಮಾತ್ರಾಗಣಿತ:
ಲೆಕ್ಕವನ್ನೇ ನೋಡಿ. ಕರ ಒಂದು ಮಣಕ್ಕೆ, ಅಂದರೆ ಸುಮಾರು 37 ಕಿಲೋ ಉಪ್ಪಿಗೆ, 1 ರೂಪಾಯಿ 4 ಆಣೆ. 1923ರಲ್ಲಿ ಅದನ್ನು ಒಮ್ಮೆಲೇ 2 ರೂಪಾಯಿ 8 ಆಣೆ ಮಾಡಿದರು. ಕೇಂದ್ರ ಶಾಸನಸಭೆ ತಿರಸ್ಕರಿಸಿತು. ವೈಸರಾಯ್ ತಮ್ಮ ವಿಶೇಷಾಧಿಕಾರ ಬಳಸಿ ಜಾರಿ ಮಾಡಿದರು. ಮರುವರ್ಷ ಮತ್ತೆ 1 ರೂಪಾಯಿ 4 ಆಣೆಗೆ ಇಳಿಯಿತು. ಇಳಿಸಿದ್ದು ಕರುಣೆಯೇ ಇರಲಿ. ಆದರೆ ಏರಿಸಿದ ಕೈಯೇ ಇಳಿಸಿತು, ಎರಡು ಸಲವೂ ಉಣ್ಣುವವನನ್ನು ಯಾರೂ ಕೇಳಲಿಲ್ಲ. ‘ನಾಳೆಯಿಲ್ಲವಲಾ’ ಎಂದದ್ದು ಇದಕ್ಕೆ. ಕರದ ಭಾರ ಎಷ್ಟು ಎಂಬುದು ಒಂದು ಮಾತು, ಅದನ್ನು ಹೇರುವ ಕೈಯನ್ನು ತಡೆಯುವವರು ಯಾರು ಎಂಬುದು ಬೇರೆಯೇ ಮಾತು. ಹಳೆಯ ರೋಮಿನ ಕಾನೂನಿನಲ್ಲೂ ಒಡೆಯ ಎಂದೂ ಕೈಯೆತ್ತದವನಾಗಿದ್ದರೂ ದಾಸ ದಾಸನೇ. ಅವನ ಸುಖ ಇನ್ನೊಬ್ಬನ ಮನಸ್ಸಿನ ಮೇಲೆ ನಿಂತಿದೆಯಲ್ಲ.

ಹಾಗಾಗಿ ಬಿಡುಗಡೆ ಮೊದಲು ಬಂದು ಪ್ರತಿಭಟನೆ ಆಮೇಲೆ ಬರುತ್ತದೆ ಎಂದಾಗಲಿ, ಪ್ರತಿಭಟಿಸಿದ್ದಕ್ಕೆ ಬಹುಮಾನವಾಗಿ ಬಿಡುಗಡೆ ಸಿಗುತ್ತದೆ ಎಂದಾಗಲಿ ನಾನು ನಂಬುವುದಿಲ್ಲ. ‘ಒಪ್ಪೆ’ ಎನ್ನುವಾಗಲೇ ಅಷ್ಟುಮಟ್ಟಿಗೆ ಬಿಡುಗಡೆಯಾಗಿದೆ. ಪೃಚ್ಛಕರ ‘ಅಂದು’ ನನಗೆ ಆ ಗಳಿಗೆ.

ಪೃಚ್ಛಕ:
ಇನ್ನೊಂದು ಕೀಲಕವನ್ನು ಯಾರೂ ಮುಟ್ಟಿಲ್ಲ: ಉಪ್ಪಿನ ಋಣ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಸರಕಾರದ ಉಪ್ಪು ತಿಂದವನು ಸರಕಾರಕ್ಕೆ ಎರಡು ಬಗೆಯಬಹುದೇ? ಈ ಪ್ರಶ್ನೆಗೆ ನನ್ನ ಉತ್ತರ:

ತಪ್ಪಲೆಯ ಗಂಜಿಯಲಿ ಬೆರೆತಿಹ
ಕಪ್ಪಗಿನ ಹರಳಾರದೆಂದರೆ
ದಪ್ಪ ಪುಸ್ತಕ ತೆರೆದು ನೋಡಲು ಬೇಡ ಕೇಳಿಲ್ಲಿ
ಒಪ್ಪಿ ಕೊಂಡಿರೆ ದೊರೆಯ ಋಣವದು
ತಪ್ಪಿ ನಡೆದಿರೆ ಕಡಲ ಋಣವದು
ಉಪ್ಪು ಸಿಹಿಯಾಯ್ತಂದು ನಾಡಿನ ನಾಲಗೆಯ ಮೇಲೆ

‘ಒಪ್ಪಿ ಕೊಂಡಿರೆ’ ಎಂಬುದನ್ನು ಬಿಡಿಸಿ ಓದಿದರೆ ಸಮ್ಮತಿಸಿ ಖರೀದಿಸಿದರೆ, ಕೂಡಿಸಿ ಓದಿದರೆ ಒಪ್ಪಿಕೊಂಡರೆ. ‘ದಪ್ಪ ಪುಸ್ತಕ’ ಎಂದರೆ 1882ರ ಉಪ್ಪಿನ ಕಾಯಿದೆ.

ಷಟ್ಪದಿಪ್ರಿಯ:
ನಾಲ್ಕು, ಐದನೆಯ ಸಾಲು ತಕ್ಕಡಿಯ ಎರಡು ತಟ್ಟೆಯಂತಿವೆ. ಮೂರನೆಯ ಸಾಲಿನ ‘ಕೇಳಿಲ್ಲಿ’ ಮಾತ್ರ ಪಾದಪೂರಣಕ್ಕೆ, ಬರಿಯ ಸಾಲು ತುಂಬಿಸಲು, ಬಂದಂತಿದೆ.

ಪೃಚ್ಛಕ:
ಹೌದು, ಅಲ್ಲಿ ಬಿಗಿ ಸಾಲದು. ಯೋಚಿಸುತ್ತೇನೆ.

ಷಟ್ಪದಿಪ್ರಿಯ:
ಮೈಲಾರ ಮಹಾದೇವರನ್ನು ತರಲು ಹೊರಟು ಎರಡು ಸಾಲಿಗೆ ನಿಂತಿದ್ದೇನೆ. ಮೋಟೆಬೆನ್ನೂರಿನವರು, ದಂಡಿಯ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ, ಆಗ 18ರ ಹರೆಯ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ‘ಮೈಲಾರ’ ಐದು ಮಾತ್ರೆ: ‘ಮೈ’ ಎರಡನೆಯ ಗಣದ ಕೊನೆಗೆ ಬಿದ್ದರೆ ‘ಲಾರ’ ಮೂರನೆಯದನ್ನು ತುಂಬುತ್ತದೆ.

ಅಪ್ಪಟದ ಮೈಲಾರನೊಬ್ಬನೆ
ಒಪ್ಪಿ ಕನ್ನಡ ಮಣ್ಣಿನಿಂದಲಿ

ಮೂರನೆಯ ಸಾಲಿನಲ್ಲಿ ನಡಿಗೆ ಮುಗಿದು, ನಾಲ್ಕು ಮತ್ತು ಐದರಲ್ಲಿ ಹೊಸರಿತ್ತಿ ಬರಬೇಕು. ಆದರೆ 1943ರ ಸಾವು ಬಂದರೆ 1930ರ ‘ಅಂದು’ ಜಾರಿಹೋಗುತ್ತದೆ. ಎರಡನ್ನೂ ಹಿಡಿಯುವ ‘ಪ್ಪ’ ಪ್ರಾಸದ ಪದ ಯಾರಿಗಾದರೂ ಹೊಳೆದರೆ ಮುಂದಿನ ಸಾಲು ಹಾಕಿ.